ವೀಡಿಯೋ ಚಿತ್ರಗಳ ಪೂರ್ವಸಂಸ್ಕಾರ: ಬಂಗಾರಪೇಟೆಯ ಟೇಪುಗಳನ್ನು ಕುರಿತು ಒಂದು ವಿವೇಚನೆ

ಪೀಠಿಕೆ

ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಹೋಗುವ ಕವಲು ರೈಲುದಾರಿಯನ್ನು ೧೮೯೪ರಲ್ಲಿ ಹಾಕಿದುದು ಚಿನ್ನದ ಗಣಿಗಳ ಸಲುವಾಗಿ. ಆಗ ಈ ಊರಿಗೆ ಬೌರಿಂಗ್‌ಪೇಟೆ ಎಂದು ಹೆಸರು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಅವರ ನೆನಪಿಗೆ ಇಟ್ಟ ಹೆಸರದು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಇದೇ ಗಣಿಗಳಿಗೆ ಹರಿದು ಬಂದಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಈ ದೀರ್ಘ ಕಾಲಾವಧಿಯ ಇತಿಹಾಸವನ್ನು ಬರೆಯಲು ವರದಿಗಳುಂಟು, ನಕ್ಷೆಗಳುಂಟು, ಸ್ಥಿರಚಿತ್ರಗಳೂ ಉಂಟು. ಆದರೆ ಗಣಿಯಲ್ಲಿ ದುಡಿದ ಜನ ನಡೆದಾಡಿದ ರೀತಿ, ನಕ್ಕ ರೀತಿ, ಪಂಕ್ತಿಯಲ್ಲಿ ಕುಳಿತು ಉಂಡ ರೀತಿ, ಇವುಗಳ ಚಲಿಸುವ ಚಿತ್ರವನ್ನು ಹುಡುಕಹೊರಟವರು ಬಹುಮಟ್ಟಿಗೆ ಮನೆಮನೆಯ ಬೀರುಗಳಲ್ಲಿರುವ ಮದುವೆಯ ಟೇಪುಗಳನ್ನೇ ಆಶ್ರಯಿಸಬೇಕಾಗುತ್ತದೆ.

ವಿಎಚ್‌ಎಸ್ ಟೇಪು ಜಪಾನಿನಲ್ಲಿ ಹೊರಬಂದುದು ೧೯೭೬ರಲ್ಲಿ. ನಮ್ಮ ದೇಶದಲ್ಲಿ ೧೯೮೨ರ ಏಷ್ಯನ್ ಕ್ರೀಡಾಕೂಟದ ವೇಳೆಗೆ ವರ್ಣ ದೂರದರ್ಶನ ಬಂದ ಮೇಲೆ ಅದರ ಬಳಕೆ ಹಬ್ಬಿ, ಮದುವೆಗೆ ವಾಲಗದವರಂತೆ ವೀಡಿಯೋದವರೂ ಅನಿವಾರ್ಯವಾದರು. ಇಂದು ಆ ಟೇಪನ್ನು ಓಡಿಸುವ ಯಂತ್ರಗಳ ತಯಾರಿಕೆಯೇ ನಿಂತಿದೆ. ಕೊನೆಯದಾಗಿ ಉಳಿದಿದ್ದ ಜಪಾನಿನ ಫುನಾಯ್ ಕಂಪೆನಿ ೨೦೧೬ರಲ್ಲಿ ಅದನ್ನು ಕೈಬಿಟ್ಟಿತು. ಟೇಪಿನ ಕಾಂತಲೇಪನವೂ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ. ಆದುದರಿಂದ ಇವನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಕೆಲಸ ತಡೆಯಲಾಗದ್ದು. ಇಳಿಸಿಕೊಂಡ ಮೇಲೆ ಮಸುಕಾದ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಒಪ್ಪಿಸಿ ಸ್ಫುಟಗೊಳಿಸಬೇಕೆಂಬ ಆಸೆ ಎಲ್ಲರಿಗೂ ಸಹಜವಾಗಿ ಹುಟ್ಟುತ್ತದೆ. ಹಾಗೆ ಒಪ್ಪಿಸುವುದಕ್ಕೆ ಮೊದಲು ಚಿತ್ರಕ್ಕೆ ಯಾವ ಸಂಸ್ಕಾರ ನಡೆಯಬೇಕು, ಆ ಸಂಸ್ಕಾರವನ್ನು ಲಿಖಿತ ಆದೇಶಗಳ ಮೂಲಕ, ಎಂದರೆ ಸ್ಕ್ರಿಪ್ಟಿನ ಮೂಲಕ, ಏಕೆ ನಡೆಸಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ನಮ್ಮ ಮೊದಲ ತಪ್ಪು

ವಿಷಯಕ್ಕೆ ಪ್ರವೇಶಿಸುವ ಮುನ್ನ ನಮ್ಮಿಂದಲೇ ಆದ ಒಂದು ತಪ್ಪನ್ನು ಹೇಳಿಕೊಳ್ಳುವುದು ಉಚಿತ. ಬಂಗಾರಪೇಟೆಯ ಒಂದು ಛತ್ರದಲ್ಲಿ ೧೯೯೦ರ ದಶಕದಲ್ಲಿ ನಡೆದ ಮದುವೆಯ ಟೇಪನ್ನು ಆ ಮನೆಯವರು ನಮಗೆ ಕೊಟ್ಟಿದ್ದರು. ವಧುವಿನ ತಂದೆ ಗಣಿಯಲ್ಲಿ ಕೆಲಸಮಾಡಿ ನಿವೃತ್ತರಾದವರು, ಈಗ ಇಲ್ಲ. ಇಡೀ ಟೇಪಿನಲ್ಲಿ ಅವರು ಕಾಣುವುದು ಕೆಲವು ಕ್ಷಣ ಮಾತ್ರ. ಧಾರೆಯ ಹೊತ್ತಿನಲ್ಲಿ ಒಮ್ಮೆ, ಊಟದ ಮನೆಯ ಬಾಗಿಲಲ್ಲಿ ಒಮ್ಮೆ. ಅವರ ಚಲಿಸುವ ಚಿತ್ರ ಬೇರೆಲ್ಲಿಯೂ ಇಲ್ಲವಾದುದರಿಂದ ಮನೆಯವರಿಗೆ ಆ ಕ್ಷಣಗಳು ಅಮೂಲ್ಯವಾಗಿದ್ದುವು.

ಟೇಪಿನಿಂದ ಇಳಿಸಿದ ಚಿತ್ರವನ್ನು ನಾವು ಯಾವ ಪೂರ್ವಸಿದ್ಧತೆಯೂ ಇಲ್ಲದೆ ನೇರವಾಗಿ ತಂತ್ರಾಂಶಕ್ಕೆ ಕೊಟ್ಟೆವು. ಬಂದ ಫಲ ಮೊದಲ ನೋಟಕ್ಕೆ ಬೆರಗು ಹುಟ್ಟಿಸುವಂತಿತ್ತು. ಹಿರಿಯರ ಕಣ್ಣು, ಹುಬ್ಬು, ಮೀಸೆ ಎಲ್ಲವೂ ಗೆರೆ ಕೊರೆದಂತೆ ಕಂಡುವು. ಅದನ್ನು ಅವರ ಮಗಳಿಗೆ ತೋರಿಸಿದೆವು. ಅವರು ಸ್ವಲ್ಪ ಹೊತ್ತು ನೋಡಿ, "ಇದು ನಮ್ಮಪ್ಪ ಅಲ್ಲ ಸಾರ್" ಎಂದರು. ಆ ಒಂದು ಮಾತಿನಿಂದ ನಮ್ಮ ಕೆಲಸದ ಕ್ರಮವೆಲ್ಲ ಮರುಪರಿಶೀಲನೆಗೆ ಒಳಗಾಯಿತು.

ಅದೇ ಟೇಪಿನಲ್ಲಿ ದಿಬ್ಬಣದವರು ರೈಲಿನಿಂದ ಇಳಿಯುವ ದೃಶ್ಯವೂ ಉಂಟು. ಹಿನ್ನೆಲೆಯಲ್ಲಿ ನಿಲ್ದಾಣದ ಹಳದಿ ಫಲಕ ಕಾಣುತ್ತದೆ. ತಂತ್ರಾಂಶದಿಂದ ಹೊರಬಂದ ಚಿತ್ರದಲ್ಲಿ ಆ ಫಲಕದ ಇಂಗ್ಲಿಷ್ ಅಕ್ಷರಗಳು ಮೊದಲಿಗಿಂತ ತಿದ್ದಿದಂತಿದ್ದುವು. 'ಬಂಗಾರಪೇಟೆ' ಎಂಬ ಕನ್ನಡ ಬರಹದಲ್ಲಿ ಮಾತ್ರ ಅನುಸ್ವಾರವು ಪಕ್ಕದ 'ಗಾ'ಕ್ಕೆ ಅಂಟಿಕೊಂಡು, 'ಪೇ'ಯ ದೀರ್ಘವು ಮಾಯವಾಗಿ, ಯಾವ ಲಿಪಿಗೂ ಸೇರದ ಆಕೃತಿಗಳು ಮೂಡಿದ್ದುವು. ಮಸುಕಾದ ಮೂಲದಲ್ಲಿ ಓದಲು ಬರುತ್ತಿದ್ದ ಹೆಸರು ಸ್ಫುಟವಾದ ಪ್ರತಿಯಲ್ಲಿ ಓದಲು ಬಾರದಾಗಿತ್ತು.

ತಂತ್ರಾಂಶ ಮಾಡುವುದೇನು?

ಚಿತ್ರವನ್ನು ಹಿಗ್ಗಿಸುವ ಈ ಬಗೆಯ ತಂತ್ರಾಂಶಗಳು ಕಲಿಯುವ ವಿಧಾನ ಸ್ಥೂಲವಾಗಿ ಹೀಗಿದೆ. ಅಸಂಖ್ಯ ಒಳ್ಳೆಯ ಚಿತ್ರಗಳನ್ನು ತೆಗೆದುಕೊಂಡು ಅವನ್ನು ಬೇಕೆಂದೇ ಕೆಡಿಸುತ್ತಾರೆ: ಕುಗ್ಗಿಸುತ್ತಾರೆ, ಮಸುಕು ಮಾಡುತ್ತಾರೆ, ಕಾಳುಕಾಳಾದ ಕಲಬೆರಕೆ ಸೇರಿಸುತ್ತಾರೆ. ಕೆಟ್ಟ ಚಿತ್ರದಿಂದ ಒಳ್ಳೆಯದನ್ನು ಊಹಿಸಲು ಯಂತ್ರವನ್ನು ಪಳಗಿಸುತ್ತಾರೆ. ೨೦೨೧ರಲ್ಲಿ ಪ್ರಕಟವಾದ ರಿಯಲ್-ಇಎಸ್‌ಆರ್‌ಗ್ಯಾನ್ ಎಂಬುದು ಈ ಮಾದರಿಯ ಪ್ರಸಿದ್ಧ ಉದಾಹರಣೆ. ಹೀಗೆ ಕಲಿತ ಯಂತ್ರ ತಾನು ಕಂಡ ಬಗೆಯ ಕೆಡುಕನ್ನು ಮಾತ್ರ ಕೆಡುಕೆಂದು ಗುರುತಿಸಬಲ್ಲುದು. ಹಳೆಯ ಟೇಪಿನ ವಿಶಿಷ್ಟ ದೋಷಗಳು ಅದರ ಪಾಠದಲ್ಲಿ ಇಲ್ಲದಿದ್ದರೆ, ಆ ದೋಷಗಳನ್ನೂ ಅದು ನಿಜವಾದ ವಸ್ತುಗಳೆಂದೇ ಭಾವಿಸಿ ಇನ್ನಷ್ಟು ಎದ್ದುಕಾಣುವಂತೆ ಮಾಡುತ್ತದೆ.

ಊಹೆಯ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ ನಾಲ್ಕು ಪಟ್ಟು ಹಿಗ್ಗಿಸಿದರೆ ಒಂದು ಪಿಕ್ಸೆಲ್ ಇದ್ದೆಡೆ ೧೬ ಪಿಕ್ಸೆಲ್‌ಗಳಾಗುತ್ತವೆ. ಅವುಗಳಲ್ಲಿ ಒಂದರಷ್ಟು ಮಾಹಿತಿ ನಮ್ಮದು. ಉಳಿದ ೧೫ರಷ್ಟು ಯಂತ್ರದ ಊಹೆ. ವಿಎಚ್‌ಎಸ್ ಟೇಪಿನಲ್ಲಿ ಆ ಒಂದೂ ಪೂರ್ಣವಲ್ಲ. ಇಳಿಸಿಕೊಂಡ ಚಿತ್ರದ ಅಗಲ ೭೨೦ ಪಿಕ್ಸೆಲ್ ಎಂದು ಕಂಡರೂ ಟೇಪು ಹಿಡಿದಿಡಬಲ್ಲ ನಿಜವಾದ ವಿವರ ಅಡ್ಡಡ್ಡಲಾಗಿ ಸುಮಾರು ೩೨೦ ಬಿಂದುಗಳಷ್ಟು. ಬಣ್ಣದ ವಿವರವಂತೂ ಅದಕ್ಕಿಂತ ಹಲವು ಪಟ್ಟು ಕಡಮೆ.

ಕೋಲಾರದ ಗಣಿಗಳಲ್ಲಿ ಅದಿರನ್ನು ಮೊದಲು ಗಿರಣಿಯಲ್ಲಿ ಕುಟ್ಟಿ ಪುಡಿಮಾಡಿ, ಆಮೇಲೆ ಪಾದರಸ ಮತ್ತು ಸೈನೈಡುಗಳಿಗೆ ಒಪ್ಪಿಸುತ್ತಿದ್ದರು. ಕುಟ್ಟುವಿಕೆ ಸರಿಯಾಗದಿದ್ದರೆ ಕಲ್ಲಿನೊಳಗಿನ ಚಿನ್ನಕ್ಕೆ ದ್ರಾವಣ ತಾಗುತ್ತಿರಲಿಲ್ಲ. ಈ ಮಟ್ಟಿಗೆ ನಮ್ಮ ಕೆಲಸಕ್ಕೂ ಅದಕ್ಕೂ ಹೋಲಿಕೆಯುಂಟು. ಆದರೆ ಒಂದು ಭೇದವನ್ನು ಮರೆಯತಕ್ಕದ್ದಲ್ಲ. ಅದಿರಿನಲ್ಲಿ ಇಲ್ಲದ ಚಿನ್ನವನ್ನು ಸೈನೈಡು ಎಂದೂ ಕೊಡಲಿಲ್ಲ. ಈ ತಂತ್ರಾಂಶವಾದರೋ ಇಲ್ಲದ ಚಿನ್ನವನ್ನೂ ಕೊಡುತ್ತದೆ. ಅದು ಇದ್ದ ಚಿನ್ನದಂತೆಯೇ ಹೊಳೆಯುತ್ತದೆ.

ಹೆಣೆದ ಚಿತ್ರವನ್ನು ಬಿಡಿಸುವುದು

ನಮ್ಮ ದೇಶದ ದೂರದರ್ಶನ ಪಾಲ್ ಪದ್ಧತಿಯನ್ನು ಅನುಸರಿಸಿತು. ಅದರಲ್ಲಿ ಸೆಕೆಂಡಿಗೆ ೨೫ ಚಿತ್ರಗಳು. ಒಂದೊಂದು ಚಿತ್ರದಲ್ಲಿಯೂ ಕಣ್ಣಿಗೆ ಕಾಣುವ ೫೭೬ ಗೆರೆಗಳು. ಆದರೆ ಈ ಗೆರೆಗಳೆಲ್ಲ ಒಂದೇ ಕ್ಷಣದಲ್ಲಿ ಹಿಡಿದವಲ್ಲ. ಬೆಸ ಸಂಖ್ಯೆಯ ೨೮೮ ಗೆರೆಗಳು ಒಂದು ಕ್ಷಣದವು. ಸಮ ಸಂಖ್ಯೆಯ ೨೮೮ ಗೆರೆಗಳು ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದ ಮೇಲಿನವು. ಎರಡು ಅರ್ಧಚಿತ್ರಗಳನ್ನು ಜಡೆಯಂತೆ ಹೆಣೆದು ಒಂದು ಚಿತ್ರವೆಂದು ಇಟ್ಟಿರುತ್ತಾರೆ. ಹಳೆಯ ಟಿ.ವಿ. ಪೆಟ್ಟಿಗೆ ಅವನ್ನು ಒಂದಾದಮೇಲೊಂದರಂತೆ ತೋರಿಸುತ್ತಿದ್ದುದರಿಂದ ನೋಡುವವರಿಗೆ ತೊಂದರೆಯಿರಲಿಲ್ಲ.

ಗಣಕಯಂತ್ರವು ಎರಡನ್ನೂ ಒಟ್ಟಿಗೆ ತೋರಿಸುವಾಗ ತೊಂದರೆ ಹುಟ್ಟುತ್ತದೆ. ಅಕ್ಷತೆ ಹಾಕುವ ಕೈ ಸೆಕೆಂಡಿಗೆ ಒಂದು ಮೀಟರಿನಂತೆ ಚಲಿಸುತ್ತಿದೆ ಎಂದಿಟ್ಟುಕೊಳ್ಳೋಣ. ಐವತ್ತನೆಯ ಒಂದು ಸೆಕೆಂಡಿನಲ್ಲಿ ಅದು ಎರಡು ಸೆಂಟಿಮೀಟರು ಸರಿದಿರುತ್ತದೆ. ಚಿತ್ರದ ಅಗಲದಲ್ಲಿ ನಾಲ್ಕು ಮೀಟರಿನ ಮಂಟಪ ತುಂಬಿದ್ದರೆ ಆ ಸರಿತ ಮೂರು ನಾಲ್ಕು ಪಿಕ್ಸೆಲ್‌ಗಳಷ್ಟಾಗುತ್ತದೆ. ತತ್ಫಲವಾಗಿ ಕೈಯ ಅಂಚು ಬಾಚಣಿಗೆಯ ಹಲ್ಲುಗಳಂತೆ ಒಡೆದು ಕಾಣುತ್ತದೆ. ಆ ಹಿರಿಯರ ಮುಖಕ್ಕೂ ನಮ್ಮ ಕೈಯಲ್ಲಿ ಆದುದು ಇದೇ. ಅವರು ತಲೆ ತಿರುಗಿಸುತ್ತಿದ್ದ ಕ್ಷಣದಲ್ಲಿ ಮೇಲ್ದುಟಿಯ ಬಳಿ ಮೂಡಿದ ಹಲ್ಲುಗೆರೆಗಳನ್ನು ತಂತ್ರಾಂಶವು ಮೀಸೆಯ ಕೂದಲೆಂದು ತಿಳಿಯಿತು.

ಆದುದರಿಂದ ಮೊದಲ ಸಂಸ್ಕಾರ ಹೆಣಿಗೆಯನ್ನು ಬಿಡಿಸುವುದು. ಅರ್ಧ ಗೆರೆಗಳನ್ನು ಎಸೆದುಬಿಡುವ ಸುಲಭ ಮಾರ್ಗವೊಂದುಂಟು. ಅದು ದೊರೆತಿರುವ ಅಲ್ಪ ಸಾಕ್ಷ್ಯದಲ್ಲಿ ಅರ್ಧವನ್ನು ನಾಶಮಾಡಿದಂತೆ. ನಾವು ಬಳಸಿದುದು ಕ್ಯೂಟಿಜಿಎಂಸಿ ಎಂಬ ಸ್ಕ್ರಿಪ್ಟು. ಅದು ಪ್ರತಿಯೊಂದು ಅರ್ಧಚಿತ್ರವನ್ನೂ ಪೂರ್ಣಚಿತ್ರವನ್ನಾಗಿ ಬೆಳೆಸಿ ಸೆಕೆಂಡಿಗೆ ೫೦ ಚಿತ್ರಗಳನ್ನು ಕೊಡುತ್ತದೆ. ಇಲ್ಲದ ಗೆರೆಗಳನ್ನು ತುಂಬಲು ಅದೂ ಊಹಿಸಬೇಕಾಗುತ್ತದೆಯಷ್ಟೆ. ಆದರೆ ವಸ್ತುಗಳ ಚಲನೆಯನ್ನು ಅಳೆದು, ಅದೇ ಟೇಪಿನ ಹಿಂದಿನ ಮುಂದಿನ ಕ್ಷಣಗಳಿಂದ ಆ ಗೆರೆಗಳನ್ನು ತಂದುಕೊಳ್ಳುತ್ತದೆ. ಇದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಪೂರ್ವಸಂಸ್ಕಾರವು ಸಾಲ ತರುವುದು ಅದೇ ಮನುಷ್ಯನ ಇನ್ನೊಂದು ಕ್ಷಣದಿಂದ. ಕೃತಕ ಬುದ್ಧಿಮತ್ತೆ ಸಾಲ ತರುವುದು ಬೇರೆ ಮನುಷ್ಯರ ಮುಖಗಳಿಂದ. ಮೊದಲನೆಯದನ್ನು ಎಷ್ಟು ಚೆನ್ನಾಗಿ ಮಾಡಿದರೆ ಎರಡನೆಯದರ ಅಗತ್ಯ ಅಷ್ಟು ತಗ್ಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಎರಡು ಅರ್ಧಗಳಲ್ಲಿ ಯಾವುದು ಮುಂಚಿನದು ಎಂಬುದನ್ನು ತಿಳಿಯಬೇಕು. ಪಾಲ್ ಟೇಪುಗಳನ್ನು ಕ್ಯಾಪ್ಚರ್ ಕಾರ್ಡಿನಿಂದ ಇಳಿಸಿದಾಗ ಸಾಮಾನ್ಯವಾಗಿ ಮೇಲಿನ ಗೆರೆಯ ಅರ್ಧ ಮುಂಚಿನದು. ಡಿವಿ ಟೇಪುಗಳಲ್ಲಿ ಕೆಳಗಿನದು. ಇದು ತಪ್ಪಿದರೆ ನಡೆಯುವ ಮನುಷ್ಯ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ನಡುಗಿದಂತೆ ಕಾಣುತ್ತಾನೆ. ಎರಡನೆಯದು, ಟೇಪಿನಲ್ಲಿರುವುದೆಲ್ಲ ಹೆಣೆದ ಚಿತ್ರವೇ ಎಂದು ತಿಳಿಯಬಾರದು. ಮದುವೆ ಮುಗಿದು ಉಳಿದ ಟೇಪಿನ ಮೇಲೆ ದೂರದರ್ಶನದಲ್ಲಿ ಬಂದ ಚಲನಚಿತ್ರವನ್ನು ಹಿಡಿದಿಡುವ ವಾಡಿಕೆ ಮನೆಗಳಲ್ಲಿತ್ತು. ಸಿನಿಮಾ ರೀಲಿನಿಂದ ಬಂದ ಅಂಥ ಚಿತ್ರದಲ್ಲಿ ಎರಡು ಅರ್ಧಗಳೂ ಒಂದೇ ಕ್ಷಣದವು. ಸೆಕೆಂಡಿಗೆ ೨೪ ಚೌಕಟ್ಟುಗಳ ರೀಲನ್ನು ೨೫ರ ವೇಗದಲ್ಲಿ ಓಡಿಸಿರುವುದೇ ಅಲ್ಲಿನ ವ್ಯತ್ಯಾಸ. ಅದಕ್ಕೆ ಅರ್ಧಗಳನ್ನು ಸರಿಯಾಗಿ ಜೋಡಿಸಿದರೆ ಸಾಕು. ಬಿಡಿಸಹೋದರೆ ಇದ್ದ ವಿವರವೂ ಕೆಡುತ್ತದೆ. ಒಂದೇ ಟೇಪಿನಲ್ಲಿ ಎರಡು ಬಗೆಯ ಚಿತ್ರಗಳಿದ್ದರೆ ಅವುಗಳನ್ನು ಕತ್ತರಿಸಿ ಬೇರೆಬೇರೆ ಸ್ಕ್ರಿಪ್ಟುಗಳಿಗೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಅಂಚು, ಬಣ್ಣ, ಬೆಳಕು, ಆಕಾರ

ಹೆಣಿಗೆ ಬಿಡಿಸಿದ ಮೇಲಿನ ಸಂಸ್ಕಾರಗಳನ್ನು ಸಂಕ್ಷೇಪವಾಗಿ ಹೇಳಬಹುದು. ಚಿತ್ರದ ತೀರ ಕೆಳಗಿನ ಕೆಲವು ಗೆರೆಗಳು ಹರಿದು ಪಕ್ಕಕ್ಕೆ ಜರುಗಿದಂತಿರುತ್ತವೆ. ಟೇಪನ್ನು ಓದುವ ತಲೆಗಳು ಒಂದರಿಂದೊಂದಕ್ಕೆ ಬದಲಾಗುವ ಸ್ಥಾನವದು. ಅದನ್ನೂ ಪಕ್ಕದ ಕಪ್ಪು ಅಂಚುಗಳನ್ನೂ ತೆಗೆಯಬೇಕು. ಇಲ್ಲವಾದರೆ ತಂತ್ರಾಂಶ ಅಲ್ಲಿಯೂ ಏನನ್ನಾದರೂ ಚಿತ್ರಿಸುತ್ತದೆ. ಹೆಣಿಗೆ ಬಿಡಿಸುವುದಕ್ಕೆ ಮೊದಲೇ ಮೇಲಿನಿಂದ ಬೆಸ ಸಂಖ್ಯೆಯ ಗೆರೆಗಳನ್ನು ಕತ್ತರಿಸಿದರೆ ಅರ್ಧಗಳ ಅನುಕ್ರಮವೇ ತಲೆಕೆಳಗಾಗುತ್ತದೆ ಎಂಬುದನ್ನು ನೆನಪಿಡಬೇಕು.

ಟೇಪಿನ ಮೇಲೆ ಬಣ್ಣದ ಕಲೆಗಳು ಹೊಗೆಯಂತೆ ಅಲೆದಾಡುತ್ತಿರುತ್ತವೆ. ಸೀರೆಯ ಕೆಂಪು ಅಂಚು ದಾಟಿ ಪಕ್ಕದ ಗೋಡೆಗೆ ಇಳಿದಿರುವುದೂ ಉಂಟು. ಬಣ್ಣವನ್ನು ತಕ್ಕಷ್ಟು ಹಿಂದಕ್ಕೆ ಸರಿಸಿ, ಕ್ಷಣದಿಂದ ಕ್ಷಣಕ್ಕೆ ಬದಲಾಗುವ ಕಲೆಗಳನ್ನು ಚಲನೆಯ ಲೆಕ್ಕದೊಡನೆ ಶಮನಗೊಳಿಸಬೇಕು. ಕಪ್ಪುಬಿಳುಪಿನ ಅಂಶವನ್ನು ಮಾತ್ರ ಮಿತವಾಗಿ ಮುಟ್ಟತಕ್ಕದ್ದು. ಅಲ್ಲಿನ ಕಾಳುಗಳನ್ನು ಪೂರ್ತಿ ಒರೆಸಿದರೆ ಚರ್ಮದ ನವುರೂ ಒರೆಸಿಹೋಗಿ, ಆ ಬರಿದಾದ ಜಾಗದಲ್ಲಿ ತಂತ್ರಾಂಶಕ್ಕೆ ಮನಬಂದಂತೆ ಬರೆಯಲು ಅವಕಾಶವಾಗುತ್ತದೆ.

ವೀಡಿಯೋದವರ ಹ್ಯಾಲೊಜನ್ ದೀಪವನ್ನು ಆ ಕಾಲದ ಮದುವೆಗಳಲ್ಲಿ ಕುಳಿತವರು ಯಾರೂ ಮರೆತಿರಲಾರರು. ಅದರ ಬೆಳಕಿಗೆ ಬಿಳಿಯ ಪಂಚೆ, ಅಂಗಿಗಳು ಕಣ್ಣುಕುಕ್ಕುವಂತೆ ದಾಖಲಾಗಿವೆ. ಅಂಕೀಯ ವೀಡಿಯೋದಲ್ಲಿ ಕಪ್ಪಿಗೆ ೧೬, ಬಿಳಿಗೆ ೨೩೫ ಎಂದು ಮಿತಿ ಇಟ್ಟಿರುತ್ತಾರೆ. ಆ ಬಿಳಿ ೨೩೫ನ್ನು ದಾಟಿ ನಿಂತಿರುತ್ತದೆ. ಹಾಗೆಯೇ ಮುಂದಕ್ಕೆ ಕಳುಹಿಸಿದರೆ ದಾಟಿದ ಭಾಗವೆಲ್ಲ ಕತ್ತರಿಸಿಹೋಗಿ ಪಂಚೆಯ ಮಡಿಕೆಗಳು ಮಾಯವಾಗುತ್ತವೆ. ಸ್ಕ್ರಿಪ್ಟಿನಲ್ಲಿ ಬೆಳಕನ್ನು ಮೊದಲೇ ತಗ್ಗಿಸಿಕೊಂಡರೆ ಅವು ಉಳಿಯುತ್ತವೆ.

ಬಣ್ಣವನ್ನು ಲೆಕ್ಕ ಹಾಕುವ ಸೂತ್ರಗಳೂ ಎರಡುಂಟು: ಹಳೆಯ ಟಿ.ವಿ.ಗೆ ೬೦೧ ಎಂಬ ಸಂಖ್ಯೆಯದು, ಇಂದಿನ ಹೈ ಡೆಫಿನಿಷನ್ ಚಿತ್ರಕ್ಕೆ ೭೦೯ ಎಂಬುದು. ಹಳೆಯದರಲ್ಲಿ ಬರೆದುದನ್ನು ಹೊಸದರಲ್ಲಿ ಓದಿದರೆ ಕೆಂಪು ಹಸಿರುಗಳ ಛಾಯೆ ಜರುಗುತ್ತದೆ. ಹಣೆಯ ಕುಂಕುಮದ ಬಣ್ಣ ಯಾವುದೆಂದು ಬಲ್ಲ ಮನೆಯವರಿಗೆ ಆ ಭೇದ ಒಡನೆಯೇ ತಿಳಿಯುತ್ತದೆ.

ಕೊನೆಯದು ಆಕಾರ. ೭೨೦ ಅಗಲ, ೫೭೬ ಎತ್ತರದ ಈ ಚಿತ್ರದ ಪಿಕ್ಸೆಲ್‌ಗಳು ಚೌಕವಲ್ಲ. ಅಗಲವನ್ನು ೧೧ಕ್ಕೆ ೧೨ರಂತೆ ಹಿಗ್ಗಿಸಿದರೆ ಮಾತ್ರ ನೋಟ ಯಥಾರ್ಥವಾಗುತ್ತದೆ. ಹಿಗ್ಗಿಸದಿದ್ದರೆ ಮುಖಗಳು ಸುಮಾರು ಹನ್ನೆರಡನೆಯ ಒಂದು ಪಾಲು ಸಪೂರವಾಗಿ ಕಾಣುತ್ತವೆ. ತಂತ್ರಾಂಶ ಕಲಿತಿರುವುದು ಸರಿಯಾದ ಪ್ರಮಾಣದ ಮುಖಗಳನ್ನಾದುದರಿಂದ, ಮುಖಗಳೇ ಪ್ರಧಾನವಾದ ದೃಶ್ಯಗಳಲ್ಲಿ ನಾವು ಈ ತಿದ್ದುಪಡಿಯನ್ನು ಮೊದಲೇ ಮಾಡುತ್ತೇವೆ. ಆದರೆ ಎತ್ತರವನ್ನು ಬದಲಿಸುವ ಯಾವ ಕೆಲಸವೂ ಹೆಣಿಗೆ ಬಿಡಿಸುವುದಕ್ಕೆ ಮುಂಚೆ ನಡೆಯತಕ್ಕದ್ದಲ್ಲ. ನಡೆದರೆ ಎರಡು ಕ್ಷಣಗಳ ಗೆರೆಗಳು ಒಂದರಲ್ಲೊಂದು ಕಲಸಿಹೋಗುತ್ತವೆ; ಅನಂತರ ಅವನ್ನು ಯಾರೂ ಬೇರ್ಪಡಿಸಲಾರರು.

ಸ್ಕ್ರಿಪ್ಟು ಏಕೆ?

ಇವೆಲ್ಲವನ್ನೂ ಪರದೆಯ ಮೇಲಿನ ಗುಂಡಿಗಳನ್ನು ಒತ್ತಿಯೂ ಮಾಡಬಹುದಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಮಾಡಬಹುದು. ಆದರೆ ಏನನ್ನು ಮಾಡಿದೆವು ಎಂಬುದಕ್ಕೆ ಆಗ ಲಿಖಿತ ಆಧಾರ ಉಳಿಯುವುದಿಲ್ಲ. ಸ್ಕ್ರಿಪ್ಟು ಎಂದರೆ ಗಣಕಯಂತ್ರವು ಮೇಲಿನಿಂದ ಕೆಳಕ್ಕೆ ಓದಿ ನಡೆಸುವ ಆದೇಶಗಳ ಪಟ್ಟಿ. ಬಹುತೇಕ ಹತ್ತಿಪ್ಪತ್ತು ಸಾಲುಗಳ ಸಾದಾ ಬರಹ. ಮೊದಲ ಸಾಲು ಮೂಲಚಿತ್ರವನ್ನು ತೆರೆಯುತ್ತದೆ, ಎರಡನೆಯದು ಯಾವ ಅರ್ಧ ಮುಂಚಿನದೆಂದು ಸಾರುತ್ತದೆ, ಮೂರನೆಯದು ಹೆಣಿಗೆ ಬಿಡಿಸುತ್ತದೆ, ಹೀಗೆ ಮುಂದೆ. ಈ ಕೆಲಸಕ್ಕೆ ಎವಿಸಿಂತ್ ಎಂಬ ಸಾಧನ ೨೦೦೦ದಲ್ಲಿಯೂ, ಪೈಥಾನ್ ಭಾಷೆಯಲ್ಲಿ ಬರೆಯಬಹುದಾದ ವೇಪರ್‌ಸಿಂತ್ ೨೦೧೨ರಲ್ಲಿಯೂ ಬಂದುವು. ಎಫ್‌ಎಫ್‌ಎಂಪೆಗ್ ಎಂಬುದೂ ಸುಪರಿಚಿತವೇ. ಮೂರೂ ಉಚಿತವಾಗಿ ದೊರೆಯತಕ್ಕವು. ಇವು ಮೂಲಚಿತ್ರವನ್ನು ಓದುತ್ತವೆಯೇ ಹೊರತು ಅದರ ಮೇಲೆ ಬರೆಯುವುದಿಲ್ಲ. ನಾಳೆ ಇನ್ನೂ ಉತ್ತಮವಾದ ಉಪಾಯ ಬಂದರೆ ಒಂದು ಸಾಲನ್ನು ಬದಲಿಸಿ ಮತ್ತೆ ನಡೆಸಬಹುದು. ಪರಿಣಾಮದಲ್ಲಿ ತಪ್ಪು ಕಂಡರೆ ಯಾವ ಸಾಲಿನಿಂದ ಬಂತೆಂದು ಒಂದೊಂದನ್ನಾಗಿ ತಡೆಹಿಡಿದು ಪರೀಕ್ಷಿಸಬಹುದು. ನಮ್ಮ ಮೀಸೆಯ ತಪ್ಪಿನ ಮೂಲವನ್ನು ನಾವು ಕಂಡುಹಿಡಿದುದೂ ಹೀಗೆಯೇ.

ಸ್ಕ್ರಿಪ್ಟಿನಿಂದ ಹೊರಬಂದ ಚಿತ್ರವನ್ನು ನಷ್ಟವಿಲ್ಲದ ರೂಪದಲ್ಲಿಯೇ ಇಡಬೇಕು. ಟೇಪಿನಿಂದ ಇಳಿಸಿದ ಒಂದು ಗಂಟೆಯ ಚಿತ್ರವನ್ನು ಸ್ವಲ್ಪವೂ ಅಡಕಗೊಳಿಸದೆ ಇಟ್ಟರೆ ಸುಮಾರು ೭೫ ಗಿಗಾಬೈಟು ಹಿಡಿಯುತ್ತದೆ. ಎಫ್‌ಎಫ್‌ವಿ೧ ಎಂಬ ಕ್ರಮದಲ್ಲಿ ಒಂದು ಪಿಕ್ಸೆಲ್ಲನ್ನೂ ಕಳೆದುಕೊಳ್ಳದೆ ಅದನ್ನು ಗಣನೀಯವಾಗಿ ಕುಗ್ಗಿಸಬಹುದು. ಈ ಕ್ರಮದ ವಿವರಣೆ ೨೦೨೧ರಲ್ಲಿ ಬಹಿರಂಗವಾಗಿ ಪ್ರಕಟವಾಗಿರುವುದರಿಂದ ಮುಂದೆಯೂ ಓದಲು ಬರುತ್ತದೆಂಬ ಭರವಸೆಯುಂಟು. ಧ್ವನಿಯನ್ನು ಬೇರೆ ತೆಗೆದಿಟ್ಟು, ಕೊನೆಯಲ್ಲಿ ಹಾಗೆಯೇ ಸೇರಿಸುವುದು ಕ್ಷೇಮ.

ಉಪಸಂಹಾರ

ಮೇಲೆ ನಿರೂಪಿಸಿದ ಕ್ರಮದಲ್ಲಿ ಆ ಮದುವೆಯ ಟೇಪನ್ನು ನಾವು ಮತ್ತೆ ಮೊದಲಿನಿಂದ ಸಂಸ್ಕರಿಸಿದೆವು. ಈ ಸಲ ತಂತ್ರಾಂಶದಲ್ಲಿ ಮುಖಗಳನ್ನು ಪ್ರತ್ಯೇಕವಾಗಿ ತಿದ್ದುವ ಭಾಗವನ್ನು ನಿಲ್ಲಿಸಿ, ನಾಲ್ಕು ಪಟ್ಟಿಗೆ ಬದಲಾಗಿ ಎರಡು ಪಟ್ಟು ಮಾತ್ರ ಹಿಗ್ಗಿಸಿದೆವು. ಹಿರಿಯರ ಮುಖ ಸ್ಫುಟವಾಗಲಿಲ್ಲ; ಆಗುವುದು ಶಕ್ಯವೂ ಇರಲಿಲ್ಲ. ಆದರೆ ಸೆಕೆಂಡಿಗೆ ಐವತ್ತು ಚಿತ್ರಗಳ ಸರಾಗವಾದ ಚಲನೆಯಲ್ಲಿ ಅವರು ತಲೆ ಓರೆಮಾಡಿ ಯಾರನ್ನೋ ಕರೆಯುವ ಭಂಗಿ, ಟವಲನ್ನು ಹೆಗಲಿಗೆ ಎಳೆದುಕೊಳ್ಳುವ ರೀತಿ ಯಥಾವತ್ತಾಗಿ ಕಂಡುವು. ಅವರ ಮಗಳು ಅದನ್ನು ಎರಡು ಮೂರು ಸಲ ನೋಡಿದರು. ಈ ಬಾರಿ ಅಲ್ಲಗಳೆಯಲಿಲ್ಲ. ನಿಲ್ದಾಣದ ಫಲಕದಲ್ಲಿಯೂ 'ಬಂಗಾರಪೇಟೆ' ಮಸುಕಾಗಿ, ಆದರೆ ಕನ್ನಡವಾಗಿ, ಉಳಿದಿತ್ತು.

ಈ ಅನುಭವದಿಂದ ನಾವು ಮೂರು ನಿಯಮಗಳನ್ನು ಪಾಲಿಸುತ್ತ ಬಂದಿದ್ದೇವೆ. ಟೇಪಿನಿಂದ ಇಳಿಸಿದ ಮೂಲಪ್ರತಿ, ಸ್ಕ್ರಿಪ್ಟಿನಿಂದ ಸಂಸ್ಕಾರಗೊಂಡ ಪ್ರತಿ, ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸಿದ ಪ್ರತಿ, ಈ ಮೂರನ್ನೂ ಬೇರೆಬೇರೆಯಾಗಿ ಹೆಸರಿಸಿ ಇಡುವುದು. ಬಳಸಿದ ಸ್ಕ್ರಿಪ್ಟನ್ನೂ ಸಾಧನಗಳ ಆವೃತ್ತಿಯನ್ನೂ ಅವುಗಳ ಜತೆಯಲ್ಲಿಯೇ ಇಡುವುದು. ಚರಿತ್ರೆಯ ಆಧಾರವೆಂದು ಉದಾಹರಿಸಬೇಕಾದಾಗ ಮೊದಲ ಎರಡನ್ನು ಮಾತ್ರ ಉದಾಹರಿಸುವುದು. ಮೂರನೆಯ ಪ್ರತಿ ಹಬ್ಬಕ್ಕೆ ಸೇರಿದ ಮನೆಯವರು ದೊಡ್ಡ ಪರದೆಯ ಮೇಲೆ ನೋಡಿ ಸಂತೋಷಪಡಲು ಒದಗುತ್ತದೆ; ಅದಕ್ಕೆ ನಮ್ಮ ಆಕ್ಷೇಪವಿಲ್ಲ.

ಗಣಿಗಳು ಮುಚ್ಚಿದಮೇಲೆ ಆ ಜನರ ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುತ್ತಾರೆ. ಅವರ ಮನೆಗಳಲ್ಲಿ ಇಂಥ ಟೇಪುಗಳು ಇನ್ನೂ ಉಳಿದಿವೆ. ಅವು ನಮ್ಮ ಕೈಗೆ ಬಂದಾಗ, ಇರುವಷ್ಟನ್ನು ಶುದ್ಧವಾಗಿ ಉಳಿಸಿ, ಇಲ್ಲದ್ದನ್ನು ಸೇರಿಸಿದ್ದರೆ ಸೇರಿಸಿದೆವೆಂದು ಬರೆದಿಡುವುದು ಸಂಶೋಧಕರ ಕರ್ತವ್ಯ.